ಲಾಕ್-ಆನ್ ಹಾಕುವುದು, ಬದಲಿಸುವುದು, ಬಿಡುವುದು: ಎಲ್ಡನ್ ರಿಂಗ್ ಆಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಎಲ್ಡನ್ ರಿಂಗ್ ಆಟದಲ್ಲಿ ಒಂಟಿ ಸೈನಿಕನನ್ನು ಸಲೀಸಾಗಿ ಕೆಡವುವವರೇ ಮೂರು ತೋಳಗಳು ಒಟ್ಟಿಗೆ ಮೇಲೆ ಬಿದ್ದಾಗ, ಅಥವಾ ಡ್ರ್ಯಾಗನ್ನಿನ ಕಾಲಡಿ ಸಿಕ್ಕಿಕೊಂಡಾಗ, ಮತ್ತೆ ಮತ್ತೆ ಒಂದೇ ರೀತಿಯಲ್ಲಿ ಸಾಯುತ್ತಾರೆ. ಕ್ಯಾಮೆರಾ ಗಿರ್ರನೆ ತಿರುಗುತ್ತದೆ, ಪರದೆಯ ತುಂಬ ಹುಲ್ಲೋ ಮೃಗದ ಹೊಟ್ಟೆಯೋ ಕಾಣುತ್ತದೆ, ಏಟು ಯಾವ ಕಡೆಯಿಂದ ಬಿತ್ತೆಂದು ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಕತ್ತಿ ಬದಲಿಸಿದರೆ, ಲೆವೆಲ್ ಏರಿಸಿದರೆ ಈ ತೊಂದರೆ ಹೋಗುವುದಿಲ್ಲ. ಲಾಕ್-ಆನ್ ಎಂದರೆ ಕ್ಯಾಮೆರಾವನ್ನೂ ಹೊಡೆತವನ್ನೂ ಒಬ್ಬ ಎದುರಾಳಿಯ ಮೇಲೆ ನೆಟ್ಟು ಹಿಡಿಯುವುದು. ಅದನ್ನು ಹಾಕುವುದನ್ನು ಎಲ್ಲರೂ ಮೊದಲ ಅರ್ಧ ಗಂಟೆಯಲ್ಲೇ ಕಲಿತುಬಿಡುತ್ತಾರೆ. ಅದನ್ನು ಯಾವಾಗ ಬಿಡಬೇಕೆಂಬುದನ್ನು ಮಾತ್ರ ಆಟ ಎಲ್ಲಿಯೂ ಹೇಳಿಕೊಡುವುದಿಲ್ಲ. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಅಭ್ಯಾಸ ಮಾಡಿ. ನಡುವಿನ ಹಂತಗಳನ್ನು ಹಾರಿಸಿ ನೇರವಾಗಿ ಬಾಸ್‌ಗಳ, ಎಂದರೆ ಬಲಿಷ್ಠ ಮುಖ್ಯ ಎದುರಾಳಿಗಳ, ಮುಂದೆ ನಿಂತವರು ಹಿಂತಿರುಗಿ ಮೂರನೆಯ ಹಂತಕ್ಕೇ ಬರಬೇಕಾಗುತ್ತದೆ.

## ಮೊದಲು ತಿಳಿದಿರಬೇಕಾದದ್ದು

ಲಾಕ್ ಬಿದ್ದು ಎದುರಾಳಿಯ ಮೈಮೇಲೆ ಬಿಳಿ ಚುಕ್ಕೆ ಮೂಡಿದ ಕ್ಷಣದಿಂದ ನಾಲ್ಕು ಸಂಗತಿಗಳು ಬದಲಾಗುತ್ತವೆ. ಕ್ಯಾಮೆರಾ ಆ ಚುಕ್ಕೆಯನ್ನೇ ಹಿಂಬಾಲಿಸುತ್ತದೆ. ನಿಮ್ಮ ಪಾತ್ರ ನಡೆಯುವಾಗ ಎದುರಾಳಿಗೆ ಮುಖ ಮಾಡಿಯೇ ಇರುವುದರಿಂದ ಎಡಬಲಕ್ಕೆ ಹೆಜ್ಜೆ ಹಾಕಿದರೆ ಅವನ ಸುತ್ತ ವೃತ್ತಾಕಾರದಲ್ಲಿ ಸರಿಯುತ್ತದೆ. ಹೊಡೆತ, ಬಾಣ, ಮಂತ್ರಗಳೆಲ್ಲ ಚುಕ್ಕೆಯತ್ತ ಹೋಗುತ್ತವೆ. ನಾಲ್ಕನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ: ಅದುವರೆಗೆ ಸುತ್ತಮುತ್ತ ನೋಡಲು ಬಳಸುತ್ತಿದ್ದ ಬಲ ಸ್ಟಿಕ್ಕಿನ (ಕಂಟ್ರೋಲರಿನ ಬಲಗಡೆಯ ಪುಟ್ಟ ಕೋಲಿನ) ಕೆಲಸವೇ ಬೇರೆಯಾಗಿ, ಅದು ಗುರಿ ಬದಲಿಸುವ ಸಾಧನವಾಗುತ್ತದೆ. ಎಂದರೆ ಲಾಕ್ ಇರುವಷ್ಟು ಹೊತ್ತು ನಿಮಗೆ ಅಕ್ಕಪಕ್ಕ ನೋಡುವ ಸ್ವಾತಂತ್ರ್ಯವಿಲ್ಲ.

ಆದರೂ ಲಾಕ್ ಏಕೆ ಬೇಕೆಂದರೆ, ಅದು ಬಲ ಹೆಬ್ಬೆರಳಿಗೆ ಬಿಡುವು ಕೊಡುತ್ತದೆ. ಪ್ಲೇಸ್ಟೇಷನ್ ಕಂಟ್ರೋಲರಿನಲ್ಲಿ ಏಟು ತಪ್ಪಿಸಲು ಉರುಳುವುದಕ್ಕೂ ಓಡುವುದಕ್ಕೂ ವೃತ್ತದ ಬಟನ್, ಜಿಗಿಯುವುದಕ್ಕೆ ಗುಣಾಕಾರ ಚಿಹ್ನೆಯ ಬಟನ್, ಕ್ಯಾಮೆರಾಕ್ಕೆ ಬಲ ಸ್ಟಿಕ್. ಈ ಮೂರನ್ನೂ ನೋಡಿಕೊಳ್ಳಬೇಕಾದದ್ದು ಒಂದೇ ಹೆಬ್ಬೆರಳು. ಕ್ಯಾಮೆರಾದ ಹೊಣೆಯನ್ನು ಆಟವೇ ಹೊತ್ತುಕೊಂಡರೆ ಹೆಬ್ಬೆರಳು ಉರುಳುವ ಬಟನ್ನಿನ ಮೇಲೆ ನೆಮ್ಮದಿಯಾಗಿ ಕೂರುತ್ತದೆ. ಈ ಕೊಡುಕೊಳೆ ಲಾಭದ್ದೋ ನಷ್ಟದ್ದೋ ಎಂಬುದು ಎದುರಿಗೆ ಯಾರು, ಎಷ್ಟು ಮಂದಿ ಇದ್ದಾರೆ ಎಂಬುದರ ಮೇಲೆ ನಿಂತಿದೆ.

## ಬೇಕಾದ ಸಲಕರಣೆ

ಸಾಧ್ಯವಿದ್ದರೆ ಕಂಟ್ರೋಲರ್ ಬಳಸಿ. ಕೀಬೋರ್ಡ್ ಮತ್ತು ಮೌಸ್‌ನಲ್ಲಿಯೂ ಆಡಬಹುದು. ಪಿಸಿಯಲ್ಲಿ ಲಾಕ್‌ಗೆ ಆಟವೇ ಕೊಟ್ಟಿರುವ ಕೀ ‘ಕ್ಯೂ’. ಆದರೆ ಲಾಕ್ ಇರುವಾಗ ಮೌಸ್ ಸ್ವಲ್ಪ ಜೋರಾಗಿ ಸರಿದರೂ ಗುರಿ ಪಕ್ಕದವನಿಗೆ ಹಾರುತ್ತದೆ. ಶೂಟಿಂಗ್ ಆಟಗಳಿಂದ ಬಂದವರ ಕೈ ಸುಮ್ಮನೆ ಇರುವುದೂ ಇಲ್ಲ. ಹಳೆಯ ಕಂಟ್ರೋಲರ್ ಆಗಿದ್ದರೆ ಬಲ ಸ್ಟಿಕ್ ಮುಟ್ಟದೆ ಇಟ್ಟು, ಕ್ಯಾಮೆರಾ ತಾನಾಗಿ ಒಂದು ಕಡೆಗೆ ಸರಿಯುತ್ತದೆಯೇ ಎಂದು ನೋಡಿ. ಸರಿಯುತ್ತಿದ್ದರೆ ಸ್ಟಿಕ್ ಸವೆದಿದೆ, ಲಾಕ್ ತನ್ನಷ್ಟಕ್ಕೆ ಜಿಗಿಯುವುದಕ್ಕೆ ಅದೇ ಕಾರಣವಿರಬಹುದು. ಟಿವಿಯಲ್ಲಿ ಆಡುವವರು ಅದರ ಗೇಮ್ ಮೋಡ್ ಹಾಕಿಕೊಳ್ಳಲಿ. ಚಿತ್ರ ತಡವಾಗಿ ಬರುವ ಪರದೆಯ ಮುಂದೆ ಯಾವ ಅಭ್ಯಾಸವೂ ಕೈಹಿಡಿಯುವುದಿಲ್ಲ.

ಅಭ್ಯಾಸಕ್ಕೆ ಆಟದ ಆರಂಭದ ಪ್ರದೇಶವಾದ ಲಿಮ್‌ಗ್ರೇವ್ ಸಾಕು. ಗೇಟ್‌ಫ್ರಂಟ್ ಅವಶೇಷಗಳ ಬಳಿ ಸೈನಿಕರ ಶಿಬಿರವಿದೆ, ಪಕ್ಕದಲ್ಲೇ ವಿಶ್ರಮಿಸುವ ಸೈಟ್ ಆಫ್ ಗ್ರೇಸ್ ಇದೆ. ಅಲ್ಲಿ ಒಮ್ಮೆ ಕುಳಿತು ಎದ್ದರೆ ಸತ್ತ ಸೈನಿಕರೆಲ್ಲ ಮತ್ತೆ ಹಾಜರಾಗುತ್ತಾರೆ.

## ಹಂತ 1: ಸೆಟ್ಟಿಂಗ್ ಸರಿಪಡಿಸುವುದು

ಆಟದ ಆಯ್ಕೆಗಳಲ್ಲಿ ಕ್ಯಾಮೆರಾ ವೇಗ ಮೊದಲಿಗೆ ಮಧ್ಯದಲ್ಲಿರುತ್ತದೆ. ಅದನ್ನು ಒಂದೆರಡು ಅಂಕ ಏರಿಸಿ. ಲಾಕ್ ಬಿಟ್ಟಾಗ ಹೆಬ್ಬೆರಳಿನ ಒಂದೇ ತಳ್ಳಿಗೆ ಅಕ್ಕಪಕ್ಕ ನೋಡಿ ಮುಗಿಸುವಷ್ಟು ವೇಗ ಬೇಕು. ಗುರಿಯನ್ನು ದಾಟಿ ಹೋಗುವಷ್ಟು ಬೇಡ.

ಎರಡನೆಯದಾಗಿ ಆಟೋ ಲಾಕ್-ಆನ್ ಆಯ್ಕೆಯನ್ನು ಹುಡುಕಿ. ಅದು ಚಾಲೂ ಇದ್ದರೆ, ಒಬ್ಬ ಸತ್ತ ಕೂಡಲೇ ಚುಕ್ಕೆ ಹತ್ತಿರದ ಇನ್ನೊಬ್ಬನ ಮೇಲೆ ತಾನಾಗಿ ಹೋಗಿ ಕೂರುತ್ತದೆ. ಅನುಕೂಲವೆಂದೇ ತೋರುತ್ತದೆ, ಆದರೆ ಕಲಿಯುವವರಿಗೆ ನನ್ನ ಸಲಹೆ ಅದನ್ನು ಆಫ್ ಮಾಡಿ ಇಡುವುದು. ಎದುರಾಳಿ ಬಿದ್ದಾಗ ನೀವು ಕೇಳದೆಯೇ ಕ್ಯಾಮೆರಾ ಬೆನ್ನ ಹಿಂದಕ್ಕೆ ತಿರುಗಿದರೆ, ಪಾತ್ರವನ್ನು ನಡೆಸಲು ನೀವು ತಳ್ಳಿ ಹಿಡಿದಿದ್ದ ಎಡ ಸ್ಟಿಕ್ಕಿನ ದಿಕ್ಕೂ ಅದರೊಂದಿಗೆ ತಿರುಗುತ್ತದೆ. ಬಂಡೆಯ ಅಂಚಿನಲ್ಲಿ ಹೀಗಾದರೆ ಗೆದ್ದ ಜಗಳದಲ್ಲೂ ಪ್ರಪಾತಕ್ಕೆ ಬೀಳಬಹುದು.

ಮೂರನೆಯದು ಬಟನ್. ಸಾಮಾನ್ಯವಾಗಿ ಲಾಕ್ ಇರುವುದು ಆರ್3, ಎಂದರೆ ಬಲ ಸ್ಟಿಕ್ಕನ್ನೇ ಒಳಕ್ಕೆ ಒತ್ತುವುದು. ಗಾಬರಿಯಲ್ಲಿ ಜೋರಾಗಿ ಒತ್ತುವವರ ಸ್ಟಿಕ್ ಅದೇ ಒತ್ತಿನಲ್ಲಿ ಪಕ್ಕಕ್ಕೂ ವಾಲಿ, ಲಾಕ್ ಬೀಳುವುದೂ ಬೇರೆಯವನಿಗೆ ಹಾರುವುದೂ ಒಟ್ಟಿಗೇ ಆಗುತ್ತದೆ. ನಿಮಗೂ ಹಾಗೆ ಆಗುತ್ತಿದ್ದರೆ ಬಟನ್ ಹೊಂದಾಣಿಕೆಗೆ ಹೋಗಿ ಲಾಕ್ ಅನ್ನು ನೀವು ಕಡಿಮೆ ಬಳಸುವ ಬೇರೊಂದು ಬಟನ್ನಿಗೆ ವರ್ಗಾಯಿಸಿ.

## ಹಂತ 2: ಗುರಿ ಹಿಡಿಯುವ ಮೊದಲು ಕ್ಯಾಮೆರಾ ಹಿಡಿಯುವುದು

ನಿಮಗೆ ಬೇಕಾದ ಎದುರಾಳಿಯನ್ನು ಮೊದಲು ಪರದೆಯ ನಡುವಿಗೆ ತನ್ನಿ, ಆಮೇಲೆ ಲಾಕ್ ಒತ್ತಿ. ಕ್ಯಾಮೆರಾ ಬೇರೆಲ್ಲೋ ನೋಡುತ್ತಿರುವಾಗ ಒತ್ತಿದರೆ ಎರಡರಲ್ಲೊಂದು ಆಗುತ್ತದೆ: ಬೇಡದವನ ಮೇಲೆ ಚುಕ್ಕೆ ಮೂಡುತ್ತದೆ, ಅಥವಾ ಯಾರೂ ಸಿಗದೆ ಕ್ಯಾಮೆರಾ ನಿಮ್ಮ ಪಾತ್ರದ ಬೆನ್ನ ಹಿಂದಕ್ಕೆ ಬಂದು ನಿಲ್ಲುತ್ತದೆ. ಎರಡನೆಯದನ್ನು ದೋಷವೆಂದು ಬೈಯಬೇಕಾಗಿಲ್ಲ. ಇಕ್ಕಟ್ಟಿನಲ್ಲಿ ದಿಕ್ಕು ತಪ್ಪಿದಾಗ ಲಾಕ್ ಬಟನ್ ಒತ್ತಿ ಕ್ಯಾಮೆರಾವನ್ನು ನೆಟ್ಟಗೆ ಮಾಡಿಕೊಳ್ಳುವುದು ಒಳ್ಳೆಯ ಅಭ್ಯಾಸವೇ.

ಗೋಡೆಯ ಮರೆಯಲ್ಲಿರುವವನಿಗೆ ಲಾಕ್ ಬೀಳುವುದಿಲ್ಲ. ಬಿದ್ದ ಲಾಕ್ ಕೂಡ ಅವನು ಮರೆಗೆ ಸರಿದು ಸ್ವಲ್ಪ ಹೊತ್ತಾದರೆ, ಅಥವಾ ತುಂಬ ದೂರ ಹೋದರೆ ಕಳಚಿಕೊಳ್ಳುತ್ತದೆ. ನೆಲಮಾಳಿಗೆಯ ಸಮಾಧಿಗಳಲ್ಲಿ ಇಂಪ್ ಎಂಬ ಪುಟ್ಟ ಪಿಶಾಚಿಗಳು ಬಾಗಿಲಿನ ಪಕ್ಕದ ಗೋಡೆಗೆ ಅಂಟಿಕೊಂಡು ಕಾಯುತ್ತವೆ. ಅಲ್ಲಿ ಲಾಕ್ ಬೀಳಲಿಲ್ಲವೆಂದ ಮಾತ್ರಕ್ಕೆ ಕೋಣೆ ಖಾಲಿಯೆಂದು ನಂಬಬೇಡಿ.

## ಹಂತ 3: ಒಬ್ಬನೇ ಎದುರಾಳಿಯ ಸುತ್ತ ಹೆಜ್ಜೆ

ಶಿಬಿರದ ಅಂಚಿನಲ್ಲಿ ಒಂಟಿಯಾಗಿ ಅಲೆಯುವ ಸೈನಿಕನನ್ನು ಆರಿಸಿಕೊಂಡು ಲಾಕ್ ಹಾಕಿ. ಹೊಡೆಯಬೇಡಿ. ಅವನ ಕತ್ತಿಗೆ ಸಿಗದಷ್ಟು ದೂರದಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಪೂರ್ತಿ ಸುತ್ತು ಹಾಕಿ, ಕ್ಯಾಮೆರಾ ಹೇಗೆ ಜೊತೆಗೆ ಬರುತ್ತದೆಂದು ನೋಡಿ. ಬಳಿಕ ಅವನು ಕತ್ತಿ ಎತ್ತುವುದನ್ನು ಕಾಯಿರಿ. ಎತ್ತಿದ ಕೂಡಲೇ ಅಲ್ಲ, ಬೀಸಲು ಶುರುಮಾಡಿದಾಗ ಪಕ್ಕಕ್ಕೆ ಅಥವಾ ಅವನತ್ತಲೇ ಓರೆಯಾಗಿ ಉರುಳಿ.

ಇಲ್ಲಿ ನಡೆಯುವ ಸಾಮಾನ್ಯ ತಪ್ಪು ಹಿಂದಕ್ಕೆ ಉರುಳುವುದು. ಲಾಕ್ ಇರುವಾಗ ಎಡ ಸ್ಟಿಕ್ಕನ್ನು ಕೆಳಕ್ಕೆ ಎಳೆದು ಉರುಳಿದರೆ ಪಾತ್ರ ಎದುರಾಳಿಯಿಂದ ದೂರ ಹೋಗುತ್ತದೆ, ಆದರೆ ಬೀಸುವ ಕತ್ತಿ ಅದೇ ಸಾಲಿನಲ್ಲಿ ಮುಂದೆ ಬರುತ್ತದೆ. ಉದ್ದ ಆಯುಧ ಹಿಡಿದವನ ಎದುರು ಇದು ನೇರವಾಗಿ ಏಟಿಗೆ ಮೈಯೊಡ್ಡಿದಂತೆ. ಸ್ಟಿಕ್ಕನ್ನು ಯಾವ ಕಡೆಗೂ ತಳ್ಳದೆ ಬಟನ್ ಒತ್ತಿದರೆ ಉರುಳುವ ಬದಲು ಹಿಂದಕ್ಕೊಂದು ಸಣ್ಣ ಜಿಗಿತವಾಗುತ್ತದೆ. ಗಾಬರಿಯಲ್ಲಿ ಸಾಯುವವರಲ್ಲಿ ಬಹಳಷ್ಟು ಮಂದಿ ಮಾಡುವುದು ಇದನ್ನೇ.

ಉರುಳುವಿಕೆಯೇ ಭಾರವಾಗಿ, ಧೊಪ್ಪೆಂದು ಬಿದ್ದಂತೆ ಇದ್ದರೆ ಲಾಕನ್ನು ದೂರಬೇಡಿ. ಹೊತ್ತಿರುವ ಸಾಮಾನಿನ ತೂಕ ಮಿತಿಯ ಶೇ. 70 ದಾಟಿದೆಯೇ ಎಂದು ನೋಡಿ, ದಾಟಿದ್ದರೆ ಕವಚದ ಒಂದು ಭಾಗವನ್ನು ಕಳಚಿ.

ಗುರಾಣಿ ಬಳಸುವವರಿಗೆ ಇನ್ನೊಂದು ಮಾತು. ಲಾಕ್ ಹಾಕಿ ನಡೆಯುವಾಗ ಗುರಾಣಿ ಸದಾ ಎದುರಾಳಿಯತ್ತಲೇ ಇರುತ್ತದೆ, ಆದರೆ ಓಡಲು ಶುರುಮಾಡಿದರೆ ಪಾತ್ರ ಓಡುವ ದಿಕ್ಕಿಗೆ ಮೈ ತಿರುಗಿಸುತ್ತದೆ, ಗುರಾಣಿಯ ಆಸರೆ ಇರುವುದಿಲ್ಲ. ಕ್ಯಾಮೆರಾ ಮಾತ್ರ ಇನ್ನೂ ಎದುರಾಳಿಯನ್ನೇ ತೋರಿಸುತ್ತಿರುವುದರಿಂದ ರಕ್ಷಣೆ ಇದೆಯೆಂಬ ಭ್ರಮೆ ಉಳಿಯುತ್ತದೆ.

## ಹಂತ 4: ಗುರಿ ಬದಲಿಸುವುದು

ಈಗ ಶಿಬಿರದೊಳಗೆ ಹೋಗಿ. ಅಲ್ಲಿರುವವರಲ್ಲಿ ಒಬ್ಬನ ಬಳಿ ಕಹಳೆ ಇದೆ. ನಿಮ್ಮನ್ನು ಕಂಡೊಡನೆ ಊದಿ ಉಳಿದವರನ್ನೆಲ್ಲ ಕರೆಯುತ್ತಾನೆ. ಹತ್ತಿರದ ಸೈನಿಕನ ಮೇಲೆ ಲಾಕ್ ಇರುವಾಗಲೇ ಕಹಳೆಯವನತ್ತ ಗುರಿ ಸಾಗಿಸುವುದು ಈ ಹಂತದ ಪಾಠ.

ಬಲ ಸ್ಟಿಕ್ಕನ್ನು ಬೇಕಾದವನಿರುವ ದಿಕ್ಕಿಗೆ ಒಮ್ಮೆ ಚಿಮ್ಮಿಸಿ ತಕ್ಷಣ ಬಿಡಿ. ತಳ್ಳಿ ಹಿಡಿದುಕೊಂಡರೆ ಗುರಿ ಬೇಕಾದವನನ್ನು ದಾಟಿ ಮುಂದಿನವನಿಗೆ ಹೋಗಬಹುದು. ಎಡಕ್ಕೆ ಚಿಮ್ಮಿಸಿದರೆ ಎಡಗಡೆಯವನು ಎಂಬುದು ಪರದೆಯ ಮೇಲೆ ಕಾಣುವ ಎಡ. ನಿಮ್ಮ ಪಾತ್ರದ ಎಡಗೈ ಯಾವ ಕಡೆ ಇದೆಯೆಂಬುದಕ್ಕೆ ಸಂಬಂಧವಿಲ್ಲ. ಇಬ್ಬರು ಒಬ್ಬರ ಹಿಂದೊಬ್ಬರು ಒಂದೇ ಸಾಲಿನಲ್ಲಿ ನಿಂತಿದ್ದರೆ ಚಿಮ್ಮಿಸುವುದರಿಂದ ಪ್ರಯೋಜನವಾಗದು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಅವರನ್ನು ಪರದೆಯಲ್ಲಿ ಬೇರೆ ಬೇರೆ ಮಾಡಿಕೊಂಡು ಆಮೇಲೆ ಬದಲಿಸಿ.

ಹೊಡೆತದ ನಡುವೆ ಗುರಿ ಬದಲಿಸಬೇಡಿ. ಕತ್ತಿ ಬೀಸಲು ಹೊರಟ ಪಾತ್ರ ಹೊಸ ಗುರಿಯತ್ತ ತಿರುಗಲು ನೋಡುತ್ತದೆ, ಹೊಡೆತ ಇಬ್ಬರ ನಡುವಿನ ಖಾಲಿ ಜಾಗಕ್ಕೆ ಹೋಗುತ್ತದೆ. ಹೊಡೆದು ಮುಗಿಸಿ, ಉರುಳಿ, ಆ ಬಿಡುವಿನಲ್ಲಿ ಬದಲಿಸಿ.

## ಹಂತ 5: ಬಿಡುವುದು

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದದ್ದು ಇಲ್ಲಿ. ತೋಳಗಳ ಹಿಂಡನ್ನು ಹುಡುಕಿಕೊಂಡು ಹೋಗಿ. ಲಾಕ್ ಹಾಕಿದರೆ ಒಂದು ತೋಳ ಕಣ್ಣ ಮುಂದಿರುತ್ತದೆ, ಉಳಿದೆರಡು ಕ್ಯಾಮೆರಾದ ಹಿಂದಿರುತ್ತವೆ. ಮುಂದಿನದು ಪಕ್ಕಕ್ಕೆ ಹಾರಿದೊಡನೆ ಕ್ಯಾಮೆರಾ ಅದರ ಹಿಂದೆ ಓಡುತ್ತದೆ, ಅದುವರೆಗೆ ನಿಮಗೆ ಗೊತ್ತಿದ್ದ ದಿಕ್ಕುಗಳೆಲ್ಲ ಅದಲುಬದಲಾಗುತ್ತವೆ.

ಬದಲಿಗೆ ಹೀಗೆ ಮಾಡಿ. ಲಾಕ್ ಇಲ್ಲದೆ ಹಿಂದಕ್ಕೆ ಓಡಿ, ಮೂರೂ ತೋಳಗಳು ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ಕ್ಯಾಮೆರಾ ತಿರುಗಿಸಿ. ಮೊದಲು ಬಂದದ್ದರತ್ತ ಎಡ ಸ್ಟಿಕ್ಕನ್ನು ತಳ್ಳಿ ಹೊಡೆಯಿರಿ. ಲಾಕ್ ಇಲ್ಲದಾಗ ಹೊಡೆತ ಹೋಗುವುದು ಸ್ಟಿಕ್ ತೋರಿಸಿದ ಕಡೆಗೆ. ಅಗಲವಾಗಿ ಬೀಸುವ ಆಯುಧವಿದ್ದರೆ ಒಂದೇ ಬೀಸಿಗೆ ಎರಡು ತೋಳಗಳು ಸಿಗುವುದೂ ಉಂಟು. ಒಂದು ಉಳಿದಾಗ ಲಾಕ್ ಹಾಕಿ ಮುಗಿಸಿ.

ಹೆಬ್ಬೆರಳಿನ ಚಲನೆಯನ್ನು ಬಿಡಿಸಿ ಹೇಳುವುದಾದರೆ: ಲಾಕ್ ಒತ್ತಿ ಬಿಡಿಸು, ಅದೇ ಹೆಬ್ಬೆರಳಿನಿಂದ ಸ್ಟಿಕ್ಕನ್ನು ಬೇಕಾದ ಕಡೆಗೆ ತಳ್ಳು, ವೃತ್ತದ ಬಟನ್ನಿಗೆ ಮರಳು. ಮೊದಮೊದಲು ಇದಕ್ಕೆ ಒಂದು ಸೆಕೆಂಡಿಗಿಂತ ಹೆಚ್ಚು ಬೇಕಾಗುತ್ತದೆ, ಆ ಒಂದು ಸೆಕೆಂಡಿನಲ್ಲಿ ನೀವು ಉರುಳಲಾರಿರಿ. ಆದ್ದರಿಂದ ಎದುರಾಳಿ ಕತ್ತಿ ಎತ್ತಿದಾಗ ಬಿಡಲು ಹೋಗಬೇಡಿ. ಅವನು ಹೊಡೆದು ಮುಗಿಸಿ ಚೇತರಿಸಿಕೊಳ್ಳುವ ಹೊತ್ತಿನಲ್ಲಿ ಬಿಡಿ. ಆ ಹೊತ್ತಿನಲ್ಲಿ ಇನ್ನೊಂದು ಹೊಡೆತ ಹಾಕಬೇಕೆಂಬ ಆಸೆ ಸಹಜವಾಗಿ ಬರುತ್ತದೆ, ತಡೆದುಕೊಳ್ಳಬೇಕು.

ಬಿಡಲೇಬೇಕಾದ ಇನ್ನೆರಡು ಸಂದರ್ಭಗಳಿವೆ. ಓಡಿ ತಪ್ಪಿಸಿಕೊಳ್ಳುವಾಗ ಲಾಕ್ ಇದ್ದರೆ ಕ್ಯಾಮೆರಾ ಹಿಂದೆ ಬಿಟ್ಟ ಎದುರಾಳಿಯನ್ನು ತೋರಿಸುತ್ತದೆ, ಕಾಲಿಡುವ ದಾರಿಯನ್ನಲ್ಲ. ಹಾಗೆಯೇ ಅಂಚಿನಲ್ಲಿ ಅಥವಾ ಸೇತುವೆಯ ಮೇಲೆ ಹಿಂದೆ ಸರಿಯುವ ಮುನ್ನ ಒಮ್ಮೆ ಬಿಟ್ಟು ಬೆನ್ನ ಹಿಂದೆ ಎಷ್ಟು ನೆಲವಿದೆಯೆಂದು ನೋಡಿ, ಮತ್ತೆ ಹಾಕಿ. ಗೋಡೆಗೆ ಬೆನ್ನು ತಾಗಿದಾಗಲೂ ಇದೇ ಮಾತು: ಕ್ಯಾಮೆರಾಕ್ಕೆ ಹಿಂದೆ ಸರಿಯಲು ಜಾಗವಿಲ್ಲದೆ ಅದು ನಿಮ್ಮ ಪಾತ್ರದ ತಲೆಯ ಮೇಲೆ ಬಂದು ಕೂರುತ್ತದೆ, ಎದುರಾಳಿ ಕಾಣುವುದೇ ಇಲ್ಲ.

## ಹಂತ 6: ದೊಡ್ಡ ಮೈಯ ಎದುರಾಳಿಗಳು

ಅಗೀಲ್ ಸರೋವರದ ಡ್ರ್ಯಾಗನ್ನಿನಂಥವಕ್ಕೆ ಒಂದಕ್ಕಿಂತ ಹೆಚ್ಚು ಕಡೆ ಲಾಕ್ ಬೀಳುತ್ತದೆ. ಬಲ ಸ್ಟಿಕ್ಕನ್ನು ಚಿಮ್ಮಿಸಿದಾಗ ಬೇರೆ ಪ್ರಾಣಿಗೆ ಹೋಗುವ ಬದಲು ಅದೇ ಮೈಯ ತಲೆಯಿಂದ ಕಾಲಿಗೆ ಚುಕ್ಕೆ ಇಳಿಯುವುದನ್ನು ನೋಡುತ್ತೀರಿ. ದೂರದಲ್ಲಿದ್ದಾಗ ತಲೆಯ ಮೇಲೆ ಲಾಕ್ ಇರಲಿ, ಬೆಂಕಿ ಉಗುಳುವ ಮುನ್ನ ಕತ್ತು ಹೇಗೆ ಎತ್ತುತ್ತದೆಂದು ಕಾಣುತ್ತದೆ. ಕಾಲ ಬಳಿಗೆ ಬಂದ ಮೇಲೆ ತಲೆಯ ಲಾಕನ್ನು ಉಳಿಸಿಕೊಂಡರೆ ಕ್ಯಾಮೆರಾ ಆಕಾಶಕ್ಕೆ ಮುಖ ಮಾಡುತ್ತದೆ, ನೆಲದ ಮೇಲೆ ಏನಾಗುತ್ತಿದೆಯೆಂದು ತಿಳಿಯದು. ಕಾಲಿನ ಮೇಲೆ ಹಾಕಿದರೋ, ಪರದೆಯ ತುಂಬ ಉಗುರೇ. ಹತ್ತಿರದಲ್ಲಿ ಲಾಕ್ ಬಿಟ್ಟು, ಕ್ಯಾಮೆರಾವನ್ನು ಸ್ವಲ್ಪ ಮೇಲಕ್ಕೆ ಓರೆಮಾಡಿ, ಕಾಲು ಮತ್ತು ಭುಜ ಎರಡೂ ಕಾಣುವಂತೆ ಇಟ್ಟುಕೊಂಡು ಹೊಡೆಯುವುದು ಸರಿಯಾದ ಮಾರ್ಗ.

ಫೈರ್ ಜೈಂಟ್ ಎಂಬ ದೈತ್ಯ ಬಾಸ್ ಮೊದಲ ಘಟ್ಟದಲ್ಲಿ ಇದಕ್ಕೆ ಒಳ್ಳೆಯ ಪರೀಕ್ಷೆ. ಅವನ ಎಡಗಾಲಿನ ಕಟ್ಟು ಹಾಕಿದ ಭಾಗಕ್ಕೆ ಹೊಡೆಯಬೇಕು, ಆದರೆ ಏಟು ಬರುವುದು ಮೇಲಿನಿಂದ. ಕಾಲಿಗೆ ಲಾಕ್ ಹಾಕಿ ನಿಂತವನಿಗೆ ಕೈ ಇಳಿದು ಬರುವುದು ಕಾಣುವುದೇ ಇಲ್ಲ.

ಮಾರ್ಗಿಟ್‌ನಂಥ, ಮನುಷ್ಯಾಕಾರದ ಒಂಟಿ ಬಾಸ್ ಎದುರು ಮಾತ್ರ ಲಾಕ್ ಬಿಡಬೇಡಿ. ಅವನು ಕೋಲನ್ನು ಎತ್ತಿ ಬೇಕೆಂದೇ ತಡಮಾಡಿ ಬೀಸುತ್ತಾನೆ. ಆ ತಡವನ್ನು ಅಳೆಯಲು ಅವನ ತೋಳು ಸದಾ ಚೌಕಟ್ಟಿನೊಳಗೆ ಇರಬೇಕು.

## ಹಂತ 7: ಮಂತ್ರ, ಬಿಲ್ಲು, ಕುದುರೆ

ಮಂತ್ರಗಳಿಗೆ ಲಾಕ್ ಬಹುಪಾಲು ಅಗತ್ಯ. ಗ್ಲಿಂಟ್‌ಸ್ಟೋನ್ ಪೆಬಲ್ ಎಂಬ ಮಂತ್ರ ಲಾಕ್ ಇದ್ದರೆ ಗುರಿಯನ್ನು ಸ್ವಲ್ಪ ಹಿಂಬಾಲಿಸುತ್ತದೆ, ಇಲ್ಲದಿದ್ದರೆ ನೇರವಾಗಿ ಹೋಗಿಬಿಡುತ್ತದೆ. ಗೋಪುರದ ಮೇಲಿರುವವನಿಗೋ ತಗ್ಗಿನಲ್ಲಿರುವವನಿಗೋ ಎಸೆಯುವಾಗ ಲಾಕ್ ಇಲ್ಲದೆ ಎತ್ತರದ ಲೆಕ್ಕ ಸಿಗುವುದಿಲ್ಲ.

ಬಿಲ್ಲಿನಲ್ಲಿ ಲಾಕ್ ಹಾಕಿ ಬಿಟ್ಟ ಬಾಣ ಸಾಮಾನ್ಯವಾಗಿ ಮೈಯ ನಡುಭಾಗಕ್ಕೆ ಹೋಗುತ್ತದೆ. ತಲೆಗೇ ಹೊಡೆಯಬೇಕಿದ್ದರೆ ಲಾಕ್ ಬಿಟ್ಟು, ಬಿಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಕಂಟ್ರೋಲರಿನ ಎಡ ಮೇಲಂಚಿನ ಎಲ್1 ಬಟನ್ ಒತ್ತಿ ಕಣ್ಣಳತೆಯಲ್ಲಿ ಗುರಿ ಇಡಿ.

ಟೊರೆಂಟ್ ಎಂಬ ಕುದುರೆಯ ಮೇಲೆ ಕೂತಾಗ ಹೆಚ್ಚು ಹೇಳುವುದೇನಿಲ್ಲ: ಲಾಕ್ ಬಿಟ್ಟುಬಿಡಿ. ಕುದುರೆ ಪಕ್ಕಕ್ಕೆ ಹೆಜ್ಜೆ ಹಾಕುವುದಿಲ್ಲ, ಎದುರಾಳಿಯನ್ನು ಹಾದುಹೋಗುತ್ತ ಹೊಡೆಯಬೇಕು. ಹಾದುಹೋದ ಕ್ಷಣ ಲಾಕ್ ಇದ್ದರೆ ಕ್ಯಾಮೆರಾ ಅರ್ಧ ಸುತ್ತು ತಿರುಗಿ ಕುದುರೆ ಎತ್ತ ಓಡುತ್ತಿದೆಯೆಂಬುದೇ ಮರೆಯಾಗುತ್ತದೆ. ದೂರದಿಂದ ಮಂತ್ರ ಎಸೆಯುವವರು ಮಾತ್ರ ಲಾಕ್ ಇಟ್ಟುಕೊಳ್ಳಬಹುದು.

## ಎಚ್ಚರಿಕೆಯ ಸೂಚನೆಗಳು

ಏಟು ತಿಂದ ಮೇಲೆ “ಯಾರು ಹೊಡೆದದ್ದು?” ಎಂಬ ಪ್ರಶ್ನೆ ಪದೇ ಪದೇ ಬರುತ್ತಿದ್ದರೆ ಲಾಕನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದಿದ್ದೀರಿ, ಐದನೆಯ ಹಂತಕ್ಕೆ ಮರಳಿ. ಹೊಡೆದವನು ಕಂಡರೂ ತಪ್ಪಿಸಿಕೊಳ್ಳಲು ಆಗುತ್ತಿಲ್ಲವಾದರೆ ತೊಂದರೆ ಇರುವುದು ಮೂರನೆಯ ಹಂತದಲ್ಲಿ, ಬಹುಮಟ್ಟಿಗೆ ಉರುಳುವ ದಿಕ್ಕಿನಲ್ಲಿ. ನಿಮ್ಮ ಕತ್ತಿ ಎದುರಾಳಿಯ ಪಕ್ಕದ ಗಾಳಿಯನ್ನು ಕಡಿಯುತ್ತಿದ್ದರೆ ಹೊಡೆತದ ನಡುವೆ ಗುರಿ ಹಾರುತ್ತಿದೆ. ಅದು ಬೆರಳಿನ ತಪ್ಪೋ ಸ್ಟಿಕ್ಕಿನದೋ ಎಂದು ತಿಳಿಯಲು ಹೆಬ್ಬೆರಳನ್ನು ಸ್ಟಿಕ್ಕಿನಿಂದ ಪೂರ್ತಿ ಎತ್ತಿಟ್ಟು ಒಂದು ಜಗಳ ಆಡಿ ನೋಡಿ. ಆಗಲೂ ಹಾರಿದರೆ ಕಂಟ್ರೋಲರ್ ಬದಲಿಸುವ ಕಾಲ ಬಂದಿದೆ.

ಒಂದೇ ಜಗಳದಲ್ಲಿ ಲಾಕ್ ಬಟನ್ನನ್ನು ಎಡೆಬಿಡದೆ ಒತ್ತುತ್ತಿರುವುದೂ ಒಳ್ಳೆಯ ಲಕ್ಷಣವಲ್ಲ. ಹಾಕಿದ್ದೀರೋ ಬಿಟ್ಟಿದ್ದೀರೋ ಎಂಬುದು ನಿಮಗೇ ಗೊತ್ತಿಲ್ಲದ ಸ್ಥಿತಿ ಅದು. ಬಿಳಿ ಚುಕ್ಕೆ ಇದೆಯೇ ಎಂದು ನೋಡಿಯೇ ಮುಂದಿನ ಹೆಜ್ಜೆ ಇಡುವುದನ್ನು ರೂಢಿಸಿಕೊಳ್ಳಿ.

## ಬೇರೆ ಆಟಗಳಿಗೆ ಹೋದಾಗ ಬದಲಾಗುವುದು

2011ರ ಡಾರ್ಕ್ ಸೋಲ್ಸ್‌ನಲ್ಲಿ ಲಾಕ್ ಇರುವಾಗ ಉರುಳುವುದು ನಾಲ್ಕು ದಿಕ್ಕುಗಳಿಗೆ ಮಾತ್ರ. ಮೂರನೆಯ ಹಂತದಲ್ಲಿ ಹೇಳಿದ ಓರೆ ಉರುಳುವಿಕೆ ಅಲ್ಲಿ ಬೇಕಿದ್ದರೆ ಲಾಕ್ ಬಿಡಬೇಕು. ಜೆಲ್ಡಾ ಸರಣಿಯ 2017ರ ಬ್ರೆತ್ ಆಫ್ ದ ವೈಲ್ಡ್‌ನಲ್ಲಿ ಜೆಡ್‌ಎಲ್ ಬಟನ್ ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಲಾಕ್ ಇರುತ್ತದೆ, ಬೆರಳೆತ್ತಿದರೆ ಹೋಗುತ್ತದೆ. ಅದೇ ಸರಣಿಯ 1998ರ ಒಕರಿನಾ ಆಫ್ ಟೈಮ್ ಒತ್ತಿ ಹಿಡಿಯುವ ಬಗೆ, ಒಮ್ಮೆ ಒತ್ತಿ ಬಿಡುವ ಬಗೆ, ಎರಡನ್ನೂ ಸೆಟ್ಟಿಂಗ್‌ನಲ್ಲಿ ಕೊಟ್ಟಿತ್ತು. ಒತ್ತಿ ಹಿಡಿಯುವ ಆಟದಿಂದ ಎಲ್ಡನ್ ರಿಂಗ್‌ಗೆ ಬಂದವರು ಬೆರಳೆತ್ತಿದ ಮಾತ್ರಕ್ಕೆ ಲಾಕ್ ಹೋಗಿದೆಯೆಂದು ತಿಳಿದು ಓಡಲು ಹೋಗುತ್ತಾರೆ. ಬಿಳಿ ಚುಕ್ಕೆ ನೋಡುವ ಅಭ್ಯಾಸ ಹೆಚ್ಚು ಬೇಕಾಗಿರುವುದು ಇವರಿಗೇ.

2020ರಲ್ಲಿ ಬಂದಾಗ ಘೋಸ್ಟ್ ಆಫ್ ತ್ಸುಶಿಮಾದಲ್ಲಿ ಲಾಕ್ ಇರಲೇ ಇಲ್ಲ, 2021ರ ಡೈರೆಕ್ಟರ್ಸ್ ಕಟ್ ಆವೃತ್ತಿಯಲ್ಲಿ ಆಯ್ಕೆಯಾಗಿ ಸೇರಿತು. ತೋಳಗಳ ಹಿಂಡಿನ ಮುಂದೆ ಲಾಕ್ ಬಿಡಲು ಕೈ ನಡುಗುವವರು ಆ ಆಟವನ್ನು ಕೆಲವು ದಿನ ಲಾಕ್ ಆಫ್ ಮಾಡಿಟ್ಟೇ ಆಡಲಿ. ಸುತ್ತುವರಿದ ಗುಂಪಿನಲ್ಲಿ ಎಡ ಸ್ಟಿಕ್ಕಿನಿಂದಲೇ ಗುರಿ ಆರಿಸುವ ಅಭ್ಯಾಸವನ್ನು ಅದು ಒತ್ತಾಯದಿಂದ ಮಾಡಿಸುತ್ತದೆ, ಎಲ್ಡನ್ ರಿಂಗ್‌ಗೆ ಮರಳಿದಾಗ ಐದನೆಯ ಹಂತದಲ್ಲಿ ಹೆಬ್ಬೆರಳಿನ ಚಲನೆಯಷ್ಟೇ ಕಲಿಯಲು ಉಳಿದಿರುತ್ತದೆ.